ಬಯಲಲ್ಲಿ ಕೂಗಿದ ಹೆಸರು

ಆ ಊರಿಗೆ ಹೋಗುವ ಬಸ್ಸಿನಲ್ಲಿ ನಾವು ಒಬ್ಬರನ್ನೊಬ್ಬರು ಹೆಸರು ಹಿಡಿದು ಕರೆಯದೆ ಇರುವುದನ್ನು ಅಭ್ಯಾಸ ಮಾಡಿದೆವು. ಮಾಡಿಸಿದವರು ನಮ್ಮ ಗಾಲ್ಫ್ ಸಂಘದ ಕಾರ್ಯದರ್ಶಿ ಕ್ಲೆಮೆಂಟ್ ಅಣ್ಣ. ಡ್ರೈವರ್ ಹಿಂದಿನ ಕಂಬಿ ಹಿಡಿದು ನಿಂತು ಒಬ್ಬೊಬ್ಬರ ಕಡೆಗೂ ಬೆರಳು ಮಾಡಿ, ಇವರ ತಲೆ ಮೇಲೆ ಚೆಂಡು ಬರ್ತಾ ಇದೆ, ಏನು ಮಾಡ್ತೀರಿ ಎಂದು ಕೇಳುತ್ತಿದ್ದರು. ನಾವು ಶಾಲೆಯ ಮಕ್ಕಳ ಹಾಗೆ ಚಪ್ಪಾಳೆ ತಟ್ಟುತ್ತಿದ್ದೆವು, ಇಲ್ಲವೇ ಮುಂದಿನ ಸೀಟಿಗೆ ಗುದ್ದುತ್ತಿದ್ದೆವು. ಅಭ್ಯಾಸ ತಪ್ಪಿ ಯಾರ ಬಾಯಲ್ಲಾದರೂ ಹೆಸರು ಬಂದರೆ ಬಸ್ಸಿಗೆ ಬಸ್ಸೇ ನಗುತ್ತಿತ್ತು. ಬಸ್ಸಿಗೆ ತಲೆಯ ಮೇಲೆ ಮಾಡು ಇದೆ, ಮಾಡುವ ತಪ್ಪನ್ನೆಲ್ಲ ಇಲ್ಲೇ ಮಾಡಿ ಮುಗಿಸಿಬಿಡಿ ಎಂದು ಕ್ಲೆಮೆಂಟ್ ಅಣ್ಣ ಹೇಳುತ್ತಿದ್ದರು. ಘಾಟಿ ಇಳಿಯುವಷ್ಟರಲ್ಲಿ ನಗುವುದು ತಾನಾಗಿ ನಿಂತುಹೋಯಿತು.

ವಿಷಯ ಇಷ್ಟೇ. ಆ ಊರಿನಲ್ಲಿ ತಲೆಯ ಮೇಲೆ ಮಾಡಿಲ್ಲದ ಕಡೆ ಯಾರ ಹೆಸರನ್ನಾದರೂ ಕೂಗಿದರೆ ಆ ಹೆಸರಿನವರು ಮಾಡುತ್ತಿದ್ದ ಕೆಲಸ ಬಿಟ್ಟು ಪಡುವಲ ಕಡೆಗೆ ಹೊರಟುಬಿಡುತ್ತಾರೆ. ಅಲ್ಲಿ ಒಂದು ಕಳ್ಳಿಬೇಲಿ ಇದೆ. ಅದನ್ನು ದಾಟಿ ಎಲ್ಲಿಗೆ ಹೋಗುತ್ತಾರೆ ಎಂದು ನನ್ನನ್ನು ಕೇಳಬೇಡಿ, ಆ ಊರಿನವರಿಗೇ ಗೊತ್ತಿಲ್ಲ. ಗೊತ್ತುಮಾಡಿಕೊಂಡು ಬರುತ್ತೇವೆಂದು ಹೋದವರೂ ಇದ್ದಾರಂತೆ, ಬಂದವರಿಲ್ಲ. ಹೆಂಚಿನದೋ ತಗಡಿನದೋ ಒಂದು ಮಾಡು ಮೇಲಿದ್ದರೆ ಮಾತ್ರ ಏನೂ ಆಗುವುದಿಲ್ಲ, ಗಂಟಲು ಹರಿಯುವ ಹಾಗೆ ಕೂಗಬಹುದು.

ಇಂಥ ಊರಿಗೆ ನಾವು ಹೋಗಬಾರದಿತ್ತು. ಬೇರೆ ಯಾವ ಗಾಲ್ಫ್ ಸಂಘದವರು ಹೋಗಿದ್ದರೂ ಆಗುತ್ತಿತ್ತು, ನಾವು ಮಾತ್ರ ಹೋಗಬಾರದಿತ್ತು. ನಮ್ಮದು ದೊಡ್ಡ ಮನುಷ್ಯರ ಸಂಘವಲ್ಲ. ಗಣಿ ಮುಚ್ಚಿದಾಗ ಸಾಹೇಬರು ಬಿಟ್ಟುಹೋದ ಮೈದಾನ, ಅವರೇ ಬಿಟ್ಟುಹೋದ ಕೋಲುಗಳು. ಅವನ್ನು ಹರಾಜಿನಲ್ಲಿ ಹಿಡಿದು ಆಡಲು ಕಲಿತವರು ಕಾಂಪೌಂಡರು, ದರ್ಜಿ, ರೈಲ್ವೆಯಲ್ಲಿದ್ದು ನಿವೃತ್ತರಾದ ಕ್ಲೆಮೆಂಟ್ ಅಣ್ಣ, ಗಣಿಯ ಬಾವಿಗೆ ಆಳುಗಳ ತೊಟ್ಟಿಲು ಇಳಿಸಿ ಏರಿಸುತ್ತಿದ್ದ ನಮ್ಮ ಯಜಮಾನರು. ಬೇರೆ ಕಡೆಯೆಲ್ಲ ಚೆಂಡು ಅಡ್ಡಾದಿಡ್ಡಿ ಹಾರಿದರೆ ಎದುರಿಗಿದ್ದವರನ್ನು ಎಚ್ಚರಿಸಲು ಫೋರ್ ಎಂದು ಇಂಗ್ಲಿಷಿನಲ್ಲಿ ಕೂಗುತ್ತಾರಂತೆ. ನಮ್ಮವರಿಗೆ ಅದು ನಾಲಿಗೆಗೆ ಹತ್ತಲಿಲ್ಲ. ಫೋರ್ ಎಂದರೆ ಯಾರಿಗೆ ಹೇಳಿದ್ದು ಅಂತ ಎಲ್ಲರೂ ಸುಮ್ಮನೆ ನಿಂತಿರುತ್ತಿದ್ದರು. ಅದಕ್ಕೇ ನಮ್ಮಲ್ಲಿ ಯಾರ ತಲೆಗೆ ಚೆಂಡು ಹೋಗುತ್ತಿದೆಯೋ ಅವರ ಹೆಸರು ಕೂಗಿ, ಬಗ್ಗು ಎನ್ನುವುದು ರೂಢಿಯಾಯಿತು. ಚಿಕ್ಕವರು ದೊಡ್ಡವರು ಎಂದಿಲ್ಲ, ಮೈದಾನದಲ್ಲಿ ಎಲ್ಲರಿಗೂ ಏಕವಚನವೇ.

ಮೊದಮೊದಲು ನಾನು ಅವರ ಕೋಲುಗಳ ಚೀಲ ಹೊರಲು ಹೋಗುತ್ತಿದ್ದೆ, ಆಮೇಲೆ ಆಡತೊಡಗಿದೆ. ನಮ್ಮ ಕೇರಿಯಲ್ಲಿ ಗಂಡನ ಹೆಸರು ಹೇಳುವ ಹೆಂಗಸು ಆಗ ಇರಲಿಲ್ಲ. ನಾನೂ ರೀ ಎಂದೇ ಕರೆಯುತ್ತಿದ್ದವಳು. ಆದರೆ ಮೈದಾನದಲ್ಲಿ ನಾನು ರೀ ಎಂದರೆ ಅಲ್ಲಿದ್ದ ಗಂಡಸರೆಲ್ಲ ತಿರುಗಿ ನೋಡುತ್ತಿದ್ದರು, ನಮ್ಮವರೊಬ್ಬರನ್ನು ಬಿಟ್ಟು. ಗಣಿಯಲ್ಲಿ ಸಿಡಿಮದ್ದಿನ ಸದ್ದು ಕೇಳಿ ಕೇಳಿ ಅವರ ಬಲಗಿವಿ ಪೂರ್ತಿ ಹೋಗಿತ್ತು, ಎಡಗಿವಿ ಅರ್ಧ ಉಳಿದಿತ್ತು. ಸೀಟಿ, ಗಂಟೆ, ಕುಕ್ಕರಿನ ಕೂಗು ಯಾವುದೂ ಅವರಿಗೆ ಕೇಳುತ್ತಿರಲಿಲ್ಲ. ಒಂದು ದಿನ ಚೆಂಡು ಅವರ ಭುಜಕ್ಕೆ ಬಡಿದು ಬಾತುಕೊಂಡ ಮೇಲೆ ನಾನು ನಾಚಿಕೆ ಬಿಟ್ಟು, ಅಂಜನಪ್ಪಾ ಬಗ್ಗು ಎಂದು ಕೂಗಲು ಕಲಿತೆ. ಅದೊಂದು ಅವರಿಗೆ ಎಷ್ಟು ದೂರದಲ್ಲಿದ್ದರೂ ಕೇಳುತ್ತಿತ್ತು. ಬಗ್ಗುವುದು ಬಗ್ಗಿ ಆಮೇಲೆ ನನ್ನ ಕಡೆ ನೋಡಿ ನಗುತ್ತಿದ್ದರು. ಮನೆಗೆ ಬಂದ ಮೇಲೆ ಮತ್ತೆ ರೀ. ಹೊರಗೆ ಹೋದರೆ ಅಂಜನಪ್ಪ. ಬೇರೆಯವರಿಗೆ ಇದು ತಮಾಷೆ, ಆದರೆ ಬಯಲಿನಲ್ಲಿ ಅವರ ಹೆಸರು ಹೇಳುವುದು ನನಗೆ ಬಲು ಇಷ್ಟದ ವಿಷಯವಾಗಿತ್ತು ಎಂದು ಹೇಳಿಕೊಳ್ಳಲು ನನಗೇನೂ ಸಂಕೋಚವಿಲ್ಲ.

ಎರಡೂ ಊರುಗಳ ನಡುವೆ ಒಂದು ಬೆಳ್ಳಿ ಬಟ್ಟಲಿಗಾಗಿ ಪಂದ್ಯ ನಡೆಯುತ್ತದೆ, ಒಂದು ವರ್ಷ ಇಲ್ಲಿ, ಒಂದು ವರ್ಷ ಅಲ್ಲಿ. ಅಲ್ಲಿಗೆ ಹೋಗುವ ಸರದಿ ಬಂದಾಗಲೆಲ್ಲ ನಮ್ಮ ಸಂಘದವರಿಗೆ ಜ್ವರವೋ ನೆಂಟರ ಮದುವೆಯೋ ಬಂದು ಪಂದ್ಯ ನಿಂತುಹೋಗುತ್ತಿತ್ತು. ಈ ಸಲ ಹೋಗಲೇಬೇಕು ಎಂದು ಹಟ ಹಿಡಿದವರು ನಮ್ಮ ಯಜಮಾನರು. ಬಟ್ಟಲಿನ ಆಸೆ ಅವರಿಗೆ ಇರಲಿಲ್ಲ. ನಮ್ಮ ಮೈದಾನದಲ್ಲಿ ಚೆಂಡು ಬೀಳಿಸುವ ಗುಳಿಯ ಸುತ್ತ ಹುಲ್ಲಿಲ್ಲ, ಸುಟ್ಟೆಣ್ಣೆ ಕಲಸಿ ತಟ್ಟಿದ ಮರಳು. ಆಡಿದ ಮೇಲೆ ಗೋಣಿತಾಟು ಎಳೆದು ಅದನ್ನು ಸಮ ಮಾಡಬೇಕು. ಆ ಊರಿನ ಮೈದಾನದಲ್ಲಿ ಗುಳಿಯ ಸುತ್ತ ನಿಜವಾದ ಹುಲ್ಲು, ಮಗ್ಗದಿಂದ ಈಗ ತಾನೇ ಇಳಿಸಿದ ಬಟ್ಟೆಯಂಥ ಹುಲ್ಲು ಎಂದು ಅವರು ಯಾರಿಂದಲೋ ಕೇಳಿದ್ದರು.

"ಹುಲ್ಲಿನ ಮೇಲೆ ಚೆಂಡು ಹೆಂಗೆ ಉರುಳುತ್ತೆ ಅಂತ ಒಂದು ಸಲ ನೋಡ್ಬೇಕು ಕಣೇ" ಅಂದರು. "ಬಾಯಿ ಮುಚ್ಕೊಂಡಿರೋದು ಏನು ಅಂಥಾ ಕಷ್ಟ."

ನಿಮಗೇನು ಕಷ್ಟ, ಕಷ್ಟ ನನಗೆ ಎಂದೆ. ಅವರು ನಕ್ಕರು. ಹೊರಡುವ ಮುಂಚಿನ ದಿನಗಳಲ್ಲಿ ನಾನು ಮನೆಯ ಹಿತ್ತಲಲ್ಲಿ ನಿಂತು ರೀ ಎಂದು ಕರೆದು ನೋಡುತ್ತಿದ್ದೆ. ಬಾವಿಕಟ್ಟೆಯ ಹತ್ತಿರ ಚೆಂಡು ಒರೆಸುತ್ತ ಕೂತವರು ಒಮ್ಮೆಯೂ ತಿರುಗಲಿಲ್ಲ. ಚಪ್ಪಾಳೆ ತಟ್ಟಿದೆ, ತಟ್ಟೆ ಬಡಿದೆ. ಕಡೆಗೆ ಹೆಸರು ಕೂಗಿದೆ. ತಕ್ಷಣ ತಲೆ ಬಗ್ಗಿಸಿದರು. ಹೋಗುವುದು ಬೇಡ ಎಂದು ಹೇಳಬೇಕೆಂದುಕೊಂಡು, ಅವರ ಮುಖ ನೋಡಿ ಹೇಳದೆ ಉಳಿದೆ.

ಬಸ್ಸು ನಿಂತ ಕೂಡಲೇ ಕಿವಿಗೆ ಬಿದ್ದದ್ದು ಸದ್ದುಗಳು. ಒಬ್ಬ ತಾಯಿ ಹೊಸಿಲಲ್ಲಿ ನಿಂತು ತಟ್ಟೆಗೆ ಸೌಟು ಬಡಿದರೆ ಬೀದಿಯಲ್ಲಿ ಆಡುತ್ತಿದ್ದ ಮಕ್ಕಳಲ್ಲಿ ಒಂದೇ ಮಗು ಎದ್ದು ಓಡಿತು. ಪಕ್ಕದ ಮನೆಯವಳು ಬಳೆ ಕುಲುಕಿದಳು, ಇನ್ನೊಂದು ಮಗು ಎದ್ದಿತು. ಮಾತು ಇಲ್ಲ ಎಂದಲ್ಲ, ಅಣ್ಣಾ ಅಕ್ಕಾ ಮಗಾ ಎಲ್ಲ ಧಾರಾಳವಾಗಿ ಇತ್ತು. ಹೆಸರು ಮಾತ್ರ ಇಲ್ಲ. ನಾಯಿಗಳಿಗೂ ಹೆಸರಿಡುವುದಿಲ್ಲವಂತೆ, ಹಿಂದೆ ಯಾರೋ ಪ್ರೀತಿಯಿಂದ ಇಟ್ಟಿದ್ದರಂತೆ, ಆ ನಾಯಿಯೂ ಪಡುವಲಿಗೆ ಹೋಯಿತಂತೆ. ದೊಡ್ಡವರೆಲ್ಲರ ಕೆನ್ನೆ ಉಬ್ಬಿಕೊಂಡಿತ್ತು. ಮನೆಯಿಂದ ಹೊರಗೆ ಕಾಲಿಡುವಾಗ ಬಾಯಿಗೆ ಎಲೆ ಅಡಿಕೆ ತುಂಬಿಕೊಳ್ಳುತ್ತಾರೆ, ಬಾಯಿ ತುಂಬಿದ್ದರೆ ಹೆಸರು ಹೊರಗೆ ಬರುವುದಿಲ್ಲ. ಮಕ್ಕಳ ಬಾಯಿಗೆ ಬೆಲ್ಲದ ಉಂಡೆ. ನೋಡುವುದಕ್ಕೆ ಹಬ್ಬದ ಊರಿನ ಹಾಗಿತ್ತು, ಆದರೆ ನನಗೆ ಬಸ್ಸಿನ ಮೆಟ್ಟಿಲಿನಿಂದ ಕೆಳಗೆ ಕಾಲಿಡಲು ಆಗಲಿಲ್ಲ. ನಮ್ಮವರೇ ಕೈ ಹಿಡಿದು ಇಳಿಸಿದರು.

ಮೈದಾನದ ತುದಿಯಲ್ಲಿ ತಗಡಿನ ಮಾಡಿನ ಒಂದು ದೊಡ್ಡ ಕೊಠಡಿ. ಅಲ್ಲಿ ಅವರು ನಮ್ಮನ್ನು ಕೂರಿಸಿ, ಉಪ್ಪಿಟ್ಟು ಕಾಫಿ ಕೊಟ್ಟು, ಪರಿಚಯ ಮಾಡಿಕೊಂಡರು. ನನಗೂ ನಮ್ಮವರಿಗೂ ಜೊತೆಯಾಗಿ ಆಡಲು, ನಮ್ಮ ಹೊಡೆತಗಳನ್ನು ಎಣಿಸಲು, ಗೌರಕ್ಕ ಎಂಬವರನ್ನು ನೇಮಿಸಿದ್ದರು. ನನಗಿಂತ ನಾಲ್ಕೈದು ವರ್ಷ ದೊಡ್ಡವರು, ಸಣ್ಣ ಆಳು, ನಗುವಾಗಲೂ ಹಣೆ ಗಂಟಿಕ್ಕಿಕೊಂಡೇ ಇರುತ್ತಿದ್ದರು. ಅವರು ಆಡುವ ಕ್ರಮ ತಿಳಿಸಿಕೊಟ್ಟರು. ಪ್ರತಿ ಗುಂಪಿನವರ ಕೈಯಲ್ಲೂ ಎರಡು ಮರದ ಹಲಗೆ. ಹೊಡೆಯುವ ಮುಂಚೆ ಹಿಂದಿನ ಗುಂಪಿನವರು ಹಲಗೆ ಬಡಿಯಬೇಕು. ಮುಂದಿನ ಗುಂಪಿನವರು ಗುಳಿಯ ಹತ್ತಿರದಿಂದ ಸರಿದ ಮೇಲೆ ತಿರುಗಿ ಬಡಿಯಬೇಕು. ಆ ಉತ್ತರ ಬಂದ ಮೇಲೇ ಚೆಂಡು ಹೊಡೆಯುವುದು.

ನಮ್ಮವರಿಗೆ ಹಲಗೆಯ ಸದ್ದು ಕೇಳುವುದಿಲ್ಲ ಎಂದು ನಾನು ಗೌರಕ್ಕನ ಹತ್ತಿರ ಹೇಳಿದೆ. ಅವರು, ಹಾಗಾದರೆ ಇವರನ್ನು ನಮ್ಮಿಬ್ಬರ ನಡುವೆಯೇ ಇಟ್ಟುಕೊಳ್ಳೋಣ ಎಂದು ಹೇಳಿ, ನನ್ನ ಬಾಯಿಗೆ ತಾವೇ ಎಲೆ ಮಡಚಿ ಇಟ್ಟರು. ಸುಣ್ಣ ಜಾಸ್ತಿಯಾಗಿತ್ತು. ಉಗಿಯಲು ಧೈರ್ಯವಾಗಲಿಲ್ಲ.

ಮೊದಲ ಗುಳಿಗಳಲ್ಲಿ ನಾನು ಆಡಿದ್ದು ಆಟವಲ್ಲ. ಕೋಲು ಎತ್ತಿದಾಗಲೆಲ್ಲ ಕಣ್ಣು ನಮ್ಮವರ ಮೇಲೆ, ಹಲ್ಲು ಎಲೆಯ ಮೇಲೆ. ಮೈದಾನದ ಪಡುವಲಿಗೆ ಆ ಕಳ್ಳಿಬೇಲಿ ಉದ್ದಕ್ಕೂ ಕಾಣುತ್ತಿತ್ತು. ಮೇಕೆ ಬಾರದಿರಲಿ ಎಂದು ಯಾರಾದರೂ ಹಾಕಿರಬಹುದಾದಂಥ ಸಾಧಾರಣ ಬೇಲಿ. ಅಲ್ಲಲ್ಲಿ ಮನುಷ್ಯರು ನುಸುಳುವಷ್ಟು ಸಂದು. ಆ ಊರಿನವರು ಆಡುವಾಗ ಯಾರೂ ಆ ಕಡೆ ಮುಖ ಮಾಡಿ ನಿಲ್ಲುತ್ತಿರಲಿಲ್ಲ, ನಿಲ್ಲಲೇಬೇಕಾದ ಕಡೆ ನೆಲ ನೋಡಿಕೊಂಡು ಹೊಡೆಯುತ್ತಿದ್ದರು.

ನಾಲ್ಕನೆಯ ಗುಳಿಯ ಹತ್ತಿರ ಆ ಹೆಸರಿನ ಮಾತು ಸುಳ್ಳಲ್ಲ ಎಂದು ನಮಗೆಲ್ಲ ತಿಳಿಯಿತು. ನಮ್ಮ ದರ್ಜಿ ಸುಂದರರಾಜು ಪಕ್ಕದ ಸಾಲಿನಲ್ಲಿ ಚೆಂಡು ಹುಡುಕುತ್ತಿದ್ದ. ಅವನ ಕಡೆಗೆ ಚೆಂಡು ಹಾರಿದ್ದನ್ನು ಕಂಡು ಕ್ಲೆಮೆಂಟ್ ಅಣ್ಣನೇ, ಬಸ್ಸಿನಲ್ಲಿ ನಮಗೆ ಪಾಠ ಹೇಳಿದ ಆ ಮನುಷ್ಯನೇ, ಬಾಯಿ ತೆರೆದುಬಿಟ್ಟರು. ಸುಂದ ಎನ್ನುವಷ್ಟು ಹೊರಬಂತು. ಪಕ್ಕದಲ್ಲಿದ್ದವರು ಅವರ ಬಾಯಿಗೆ ಕೈ ಒತ್ತಿದರು. ಸುಂದರರಾಜು ಕೋಲು ಕೆಳಗಿಟ್ಟು ಪಡುವಲಿಗೆ ಒಂದಷ್ಟು ಹೆಜ್ಜೆ ನಡೆದ, ಆಮೇಲೆ ನಿಂತ. ಏನೋ ತೆಗೆದುಕೊಳ್ಳಲು ಒಳಮನೆಗೆ ಹೋಗಿ ಏನೆಂದು ಮರೆತವರು ನಿಲ್ಲುತ್ತಾರಲ್ಲ, ಹಾಗೆ. ಆ ಊರಿನವರೊಬ್ಬರು ಮೆಲ್ಲಗೆ ಅವನ ತೋಳು ಹಿಡಿದು ಮಾಡಿನ ಕೆಳಗೆ ಕರೆದುಕೊಂಡು ಹೋಗಿ ಕೂರಿಸಿದರು. ಅವನು ಅವತ್ತು ಮತ್ತೆ ಆಡಲಿಲ್ಲ. ಯಾಕೆ ನಡೆದೆ ಎಂದು ಕೇಳಿದರೆ, ಹೋಗಬೇಕು ಅನಿಸಿತು, ಸಂತೋಷವಾಗಿ ಅನಿಸಿತು ಎಂದಷ್ಟೇ ಹೇಳಿದ.

ಸಂತೋಷವಾಗಿ ಎನ್ನುವ ಆ ಮಾತು ನನಗೆ ಎಲ್ಲಕ್ಕಿಂತ ಹೆಚ್ಚು ಭಯ ತಂದಿತು. ವಾಪಸ್ ಹೋಗೋಣ, ಬಸ್ಸಿನಲ್ಲಿ ಕೂತಿರೋಣ ಎಂದು ನಮ್ಮವರಿಗೆ ಕೈಸನ್ನೆ ಮಾಡಿದೆ. ಅವರು ನನ್ನ ಕಡೆ ನೋಡುತ್ತಿರಲಿಲ್ಲ. ಹುಲ್ಲಿನ ಮೇಲೆ ಕೂತಿದ್ದರು. ಷೂ ಬಿಚ್ಚಿ, ಅಂಗೈಯನ್ನು ಹುಲ್ಲಿನ ಮೇಲೆ ಆಡಿಸುತ್ತ, ಅದು ಯಾವ ಕಡೆಗೆ ಮಲಗಿದೆ ಎಂದು ನೋಡುತ್ತಿದ್ದರು. ಎದ್ದು ಚೆಂಡನ್ನು ಮೆಲ್ಲಗೆ ತಳ್ಳಿದರು. ನಮ್ಮ ಮರಳಿನಲ್ಲಿ ಚೆಂಡು ಕರಕರ ಎನ್ನುತ್ತ ಹೋಗುತ್ತದೆ. ಇಲ್ಲಿ ಸದ್ದೇ ಇಲ್ಲದೆ, ತನಗೇ ದಾರಿ ಗೊತ್ತಿದ್ದ ಹಾಗೆ, ಸ್ವಲ್ಪ ಎಡಕ್ಕೆ ಬಾಗಿ ಹೋಗಿ ಗುಳಿಗೆ ಇಳಿಯಿತು. ಅವರು ನನ್ನ ಕಡೆ ತಿರುಗಿದರು. ಮದುವೆಯಾಗಿ ಇಷ್ಟು ವರ್ಷದಲ್ಲಿ ಆ ಮುಖ ನಾನು ನೋಡಿರಲಿಲ್ಲ. ನನಗೆ ಆ ಹುಲ್ಲಿನ ಮೇಲೆ ಹೊಟ್ಟೆಕಿಚ್ಚಾಯಿತು ಎಂದರೂ ತಪ್ಪಿಲ್ಲ. ವಾಪಸ್ ಹೋಗೋಣ ಎನ್ನಲು ಮತ್ತೆ ಕೈ ಏಳಲಿಲ್ಲ.

ಮಧ್ಯಾಹ್ನ ಊಟಕ್ಕೆ ತಗಡಿನ ಮಾಡಿನ ಕೆಳಗೆ ಬಂದಾಗ ಆ ಊರಿನವರ ಇನ್ನೊಂದು ರೂಪ ಕಂಡೆ. ಒಳಗೆ ಕಾಲಿಟ್ಟದ್ದೇ ತಡ, ಎಲೆ ಅಡಿಕೆ ಉಗಿದು ಒಬ್ಬರನ್ನೊಬ್ಬರು ಹೆಸರು ಹಿಡಿದು ಕರೆಯತೊಡಗಿದರು. ಉಪ್ಪು ಬೇಕಾದರೂ ಹೆಸರು, ಸುಮ್ಮನೆ ಪಕ್ಕದಲ್ಲಿ ಕೂತವರಿಗೂ ಹೆಸರು. ಹಸಿದವರು ಅನ್ನ ಕಂಡ ಹಾಗೆ. ನಮ್ಮ ಯಜಮಾನರಿಗೂ ಅದು ಅಂಟಿಕೊಂಡಿತು. ವಾರಿಜಾ, ಹುಳಿ ಚೆನ್ನಾಗಿದೆ, ವಾರಿಜಾ, ಆ ಹುಲ್ಲು ನೋಡಿದ್ಯಾ, ವಾರಿಜಾ, ನೀನ್ಯಾಕೆ ತಿಂತಿಲ್ಲ ಎಂದು ನನಗೆ ಹೇಳುತ್ತಲೇ ಇದ್ದರು. ನಾನೂ ಮೆಲ್ಲಗೆ, ಮಾಡಿದೆಯಲ್ಲ ಎಂದು ಮೇಲೆ ನೋಡಿಕೊಂಡು, ಅಂಜನಪ್ಪ ಸ್ವಲ್ಪ ಮಜ್ಜಿಗೆ ಹಾಕ್ಕೊಳ್ಳಿ ಎಂದೆ. ಪಂಕ್ತಿಯೆಲ್ಲ ನಕ್ಕಿತು. ಬೆಳಗಿನಿಂದ ಕಲ್ಲಾಗಿದ್ದ ನಾಲಿಗೆ ಸಡಿಲವಾಯಿತು. ಅದು ಸಡಿಲವಾಗಬಾರದಿತ್ತು.

ಊಟವಾದ ಮೇಲೆ ಗೌರಕ್ಕ ಬಾಗಿಲಲ್ಲಿ ನಿಂತು ಎಲ್ಲರಿಗೂ ಎಲೆ ಕೊಟ್ಟರು. ಸುಣ್ಣ ತಾಗಿ ನನ್ನ ನಾಲಿಗೆ ಬೆಂದುಹೋಗಿತ್ತು, ನೀರು ಕುಡಿದರೂ ಉರಿಯುತ್ತಿತ್ತು. ಬೇಡಕ್ಕ, ಹಲ್ಲು ಕಚ್ಚಿಕೊಂಡಿರುತ್ತೇನೆ ಎಂದೆ. ಅವರು ಒತ್ತಾಯ ಮಾಡಲಿಲ್ಲ. ಗುಂಪುಗಳು ಹೊರಟವು. ನಮ್ಮ ಹಿಂದಿನ ಗುಂಪು ಕ್ಲೆಮೆಂಟ್ ಅಣ್ಣನದು.

ಮಧ್ಯಾಹ್ನದ ಆಟ ಚೆನ್ನಾಗಿಯೇ ನಡೆಯಿತು. ನಿಮ್ಮವರು ಎಲ್ಲರಿಗಿಂತ ಮುಂದಿದ್ದಾರೆ, ಬಟ್ಟಲು ನಿಮ್ಮೂರಿಗೇ ಹೋಗುತ್ತೆ ಎಂದು ಗೌರಕ್ಕ ಬೆರಳಿನಲ್ಲಿ ತೋರಿಸಿದರು. ಭಯ ಸ್ವಲ್ಪ ಸ್ವಲ್ಪ ಕಡಿಮೆಯಾಗಿ ಕಾಲುನೋವು ಗೊತ್ತಾಗತೊಡಗಿತು. ಕೊನೆಯ ಹಿಂದಿನ ಗುಳಿ ಒಂದು ತಗ್ಗಿನಲ್ಲಿದೆ. ಹೊಡೆಯುವ ಜಾಗಕ್ಕೂ ಅದಕ್ಕೂ ನಡುವೆ ದಿಬ್ಬ, ಹಿಂದಿನವರಿಗೆ ಗುಳಿ ಕಾಣುವುದಿಲ್ಲ. ಹಲಗೆಯ ಸದ್ದನ್ನೇ ನಂಬಬೇಕು. ನಾವು ಮೂವರೂ ಆಡಿ ಮುಗಿಸಿ ದಿಬ್ಬದ ಮಗ್ಗುಲಿಗೆ ನಡೆದೆವು. ಕ್ಲೆಮೆಂಟ್ ಅಣ್ಣನವರು ಆಚೆಯಿಂದ ಹಲಗೆ ಬಡಿದರು. ಗೌರಕ್ಕ ಹಿಂದೆ ನೋಡಿದರು, ನಮ್ಮವರು ನನ್ನ ಬೆನ್ನಿಗೇ ಬರುತ್ತಿದ್ದರು. ಸರಿ ಎಂದು ತಿರುಗಿ ಬಡಿದರು. ಅಷ್ಟರಲ್ಲಿ ನಮ್ಮವರು ಮತ್ತೆ ಕೆಳಗೆ ಇಳಿದುಹೋಗಿದ್ದರು. ಕೋಲು ಮರೆತಿರಲಿಲ್ಲ, ಚೆಂಡು ಬಿಟ್ಟಿರಲಿಲ್ಲ. ಆ ಹುಲ್ಲನ್ನು ಇನ್ನೊಮ್ಮೆ ಮುಟ್ಟಲು ಹೋಗಿದ್ದರು. ಮಂಡಿಯೂರಿ, ಹೊಡೆಯುವ ಕಡೆಗೆ ಬೆನ್ನು ಮಾಡಿ, ಕೆನ್ನೆ ನೆಲಕ್ಕೆ ತಾಗುವಷ್ಟು ಬಾಗಿ ಹುಲ್ಲಿನ ಇಳಿಜಾರು ನೋಡಿ, ಎದ್ದು ನಿಂತರು.

ದಿಬ್ಬದ ಆಚೆ ಚೆಂಡಿಗೆ ಕೋಲು ತಾಗಿದ ಸದ್ದು ಕೇಳಿತು. ಕ್ಲೆಮೆಂಟ್ ಅಣ್ಣನ ಹೊಡೆತ ಎಂದೂ ನೆಟ್ಟಗೆ ಹೋಗಿದ್ದಿಲ್ಲ, ಅವತ್ತು ನೆಟ್ಟಗೆ ಬಂತು. ದಿಬ್ಬದ ನೆತ್ತಿಯ ಮೇಲೆ ಚೆಂಡು ಕಂಡಿತು. ಅದು ಎಲ್ಲಿಗೆ ಇಳಿಯುತ್ತದೆ ಎಂದು ಇಷ್ಟು ವರ್ಷ ಆಡಿದವಳಿಗೆ ಯಾರೂ ಹೇಳಬೇಕಾಗಿರಲಿಲ್ಲ. ನಮ್ಮವರ ತಲೆಯ ಹಿಂಭಾಗ, ಕೂದಲು ತೆಳುವಾಗಿರುವ ಜಾಗ. ಗೌರಕ್ಕ ಹಲಗೆ ಬಡಿದರು, ಮತ್ತೆ ಮತ್ತೆ ಬಡಿದರು. ನಮ್ಮವರು ಅಲ್ಲಾಡಲಿಲ್ಲ. ನಮ್ಮ ಗಣಿಯ ಊರಿನಲ್ಲಿ ಚೆಂಡು ತಲೆಗೆ ಬಿದ್ದು ಕಂಪನಿ ಆಸ್ಪತ್ರೆಯಿಂದ ಬಿಳಿ ಬಟ್ಟೆಯಲ್ಲಿ ಬಂದ ಒಬ್ಬ ಹುಡುಗನನ್ನು ನಾನು ನೋಡಿದ್ದೇನೆ. ಅದು ಆಗ ನೆನಪಾಯಿತು ಎಂದರೆ ಸುಳ್ಳಾದೀತು. ಏನೂ ನೆನಪಾಗಲಿಲ್ಲ. ಬಾಯಿ ತೆರೆಯಿತು.

"ಅಂಜನಪ್ಪಾ, ಬಗ್ಗು."

ಅವರು ಬಗ್ಗಿದರು. ಚೆಂಡು ಅವರ ಬೆನ್ನ ಮೇಲಿನಿಂದ ಹಾದು ಹುಲ್ಲಿಗೆ ಬಡಿದು ಪುಟಿದು ಹೋಯಿತು. ಅವರು ನೆಟ್ಟಗಾಗಿ, ಎಂದಿನ ಹಾಗೆ ನನ್ನ ಕಡೆ ನೋಡಿ ನಕ್ಕರು. ಆ ನಗು ಪೂರ್ತಿಯಾಗುವ ಮುಂಚೆಯೇ ಕೋಲನ್ನು ಹುಲ್ಲಿನ ಮೇಲೆ ಜೋಪಾನವಾಗಿ ಮಲಗಿಸಿದರು. ಆಮೇಲೆ ಪಡುವಲಿಗೆ ತಿರುಗಿದರು.

ನಾನು ದಿಬ್ಬ ಇಳಿದು ಓಡಿದೆ. ಎರಡು ಸಲ ಬಿದ್ದೆ. ಹೋಗಿ ಅವರ ತೋಳು ಹಿಡಿದೆ. ಅವರು ಕೊಸರಲಿಲ್ಲ, ಗದರಲಿಲ್ಲ, ನಡೆಯುತ್ತಲೇ ಇದ್ದರು, ನಾನು ಅವರ ತೋಳಿಗೆ ನೇತುಹಾಕಿದ ಚೀಲವೇನೋ ಎಂಬಂತೆ ನನ್ನನ್ನೂ ಎಳೆದುಕೊಂಡು. ರೀ ನಿಲ್ರಿ ಎಂದೆ. ಎದುರಿಗೆ ಹೋಗಿ ಎದೆಗೆ ಎರಡೂ ಕೈ ಒತ್ತಿ ನಿಂತೆ. ನನ್ನನ್ನು ಪಕ್ಕಕ್ಕೆ ಸರಿಸಿ, ನನ್ನ ಸೀರೆಗೆ ಹತ್ತಿದ್ದ ಮಣ್ಣು ತಟ್ಟಿ, ಮತ್ತೆ ನಡೆದರು. ಕ್ಲೆಮೆಂಟ್ ಅಣ್ಣ ದಿಬ್ಬ ಹತ್ತಿ ಬಂದು ಏನಾಗಿದೆ ಎಂದು ನೋಡಿ, ಕೋಲು ಬಿಸಾಡಿ ಓಡಿ ಬಂದರು. ಹಿಂದಿನಿಂದ ನಮ್ಮವರ ಸೊಂಟ ತಬ್ಬಿ ಹಿಡಿದರು. ಹಿಡಿದು ಕಟ್ಟೋಣ, ಹಗ್ಗ ತನ್ನಿ, ಮಾಡಿನ ಕೆಳಗೆ ಹಾಕೋಣ ಎಂದು ಅಳುತ್ತ ಹೇಳಿದರು.

ಗೌರಕ್ಕ ಏದುಸಿರು ಬಿಡುತ್ತ ಬಂದು ಎಲೆ ಉಗಿದರು. "ಕಟ್ಟಬೇಡ್ರಪ್ಪಾ" ಅಂದರು. "ನಮ್ಮೋರನ್ನ ನಾನೂ ಕಟ್ಟಿ ಹಾಕಿದ್ದೆ. ಗೋಡೆಗೆ ಹಣೆ ಚಚ್ಚಿಕೊಂಡು ಚಚ್ಚಿಕೊಂಡು ನನ್ನ ಕಣ್ಣೆದುರಿಗೇ ಹೋದ್ರು. ಬೇಲಿ ದಾಟಿದೋರು ಎಲ್ಲೋ ಒಂದು ಕಡೆ ಇರ್ತಾರೆ ಅಂತಾದ್ರೂ ಅಂದ್ಕೋಬೋದು. ಬಿಟ್ಬಿಡಿ."

ಕ್ಲೆಮೆಂಟ್ ಅಣ್ಣನ ಕೈ ಸಡಿಲವಾಯಿತು. ನಾನು ಬಿಡಲಿಲ್ಲ. ಆಗ ಮೈದಾನದ ಎಲ್ಲ ಕಡೆಯಿಂದ ಹಲಗೆಗಳು ಬಡಿಯತೊಡಗಿದವು. ಆಡುತ್ತಿದ್ದವರೆಲ್ಲ ಕೋಲು ಚೀಲ ಬಿಟ್ಟು, ಕಿವಿಗೆ ಬೆರಳಿಟ್ಟುಕೊಂಡು, ತಗಡಿನ ಮಾಡಿನ ಕಡೆ ಓಡುತ್ತಿದ್ದರು. ಯಾಕೆಂದು ನಮಗೆ ಗೊತ್ತಾಗಲಿಲ್ಲ. ಗೌರಕ್ಕ ನನ್ನ ಸೊಂಟ ಹಿಡಿದು ಹಿಂದಕ್ಕೆ ಎಳೆಯುತ್ತ ಹೇಳಿದರು. ಹೋಗುವವರು ಬೇಲಿಯ ಹತ್ತಿರ ಒಂದು ಸಲ ತಿರುಗುತ್ತಾರೆ. ತಿರುಗಿ, ಜೊತೆಗೆ ಬೇಕೆನಿಸಿದವರ ಹೆಸರು ಕೂಗುತ್ತಾರೆ. ಗಂಡ ಹೆಂಡತಿಯನ್ನು, ತಾಯಿ ಮಕ್ಕಳನ್ನು. ಕೂಗದೆ ಹೋದವರನ್ನು ಈ ಊರು ನೋಡಿಲ್ಲ. ಕೂಗು ಕೇಳದಿದ್ದರೂ ಕಾಲು ಕೇಳುತ್ತೆ, ಮಾಡಿನ ಕೆಳಗಿದ್ದವರಿಗೆ ಮಾತ್ರ ತಟ್ಟುವುದಿಲ್ಲ.

"ಬಾರಮ್ಮ ಒಳಗೆ. ನಿನ್ನೇ ಕೂಗ್ತಾರೆ."

ಗೌರಕ್ಕ ಹೇಳಿದ್ದು ನನ್ನನ್ನು ಹೆದರಿಸಲು. ನನಗೆ ಅದು ಕೇಳಿದ್ದೇ ಬೇರೆ ರೀತಿ. ಬೆಳಗಿನಿಂದ ಕಾಡುತ್ತಿದ್ದ ಹೆದರಿಕೆ ಒಂದು ಕ್ಷಣ ಎತ್ತಿ ಹಾಕಿದ ಹಾಗೆ ಹೋಯಿತು. ಅವರ ತೋಳನ್ನು ಬಿಟ್ಟುಬಿಟ್ಟೆ. ಎಳೆಯುವುದು ಬೇಕಿಲ್ಲ, ಅವರು ಕೂಗುತ್ತಾರೆ, ನಾನೂ ಹೋಗುತ್ತೇನೆ ಎಂದುಕೊಂಡೆ. ಎಲ್ಲಿಗೆ ಎಂದು ತಿಳಿಯಬೇಕಾಗಿರಲಿಲ್ಲ. ಗೌರಕ್ಕ ನನ್ನ ಮುಖ ನೋಡಿ ಅರ್ಥ ಮಾಡಿಕೊಂಡರು. ಮತ್ತೆ ಎಳೆಯಲಿಲ್ಲ. ಕ್ಲೆಮೆಂಟ್ ಅಣ್ಣನ ಕೈ ಹಿಡಿದು ಓಡಿದರು. ಅಷ್ಟು ದೊಡ್ಡ ಬಯಲಿನಲ್ಲಿ ನಾವಿಬ್ಬರೇ ಉಳಿದೆವು, ನಾನು ಹುಲ್ಲಿನ ಅಂಚಿನಲ್ಲಿ, ಅವರು ಬೇಲಿಯ ದಾರಿಯಲ್ಲಿ.

ಅವರು ಅವಸರವಿಲ್ಲದೆ ನಡೆದರು. ಷಿಫ್ಟ್ ಮುಗಿಸಿ ಮನೆಗೆ ಬರುವಾಗ ಹಾಗೇ ನಡೆಯುತ್ತಿದ್ದರು. ಕಳ್ಳಿಯ ಸಂದಿನ ಹತ್ತಿರ ನಿಂತು, ಮುಳ್ಳು ತಾಗದಂತೆ ಒಂದು ಕೊಂಬೆಯನ್ನು ಕೈಯಿಂದ ಸರಿಸಿ ಹಿಡಿದುಕೊಂಡು ತಿರುಗಿದರು. ದೂರವಿತ್ತು, ಆದರೂ ಮುಖ ಚೆನ್ನಾಗಿ ಕಾಣುತ್ತಿತ್ತು. ಬೆಳಿಗ್ಗೆ ಚೆಂಡು ಗುಳಿಗೆ ಇಳಿದಾಗ ಇದ್ದ ಮುಖವೇ. ನಾನು ಎರಡೂ ಕೈ ಚಾಚಿದೆ.

"ಕೂಗ್ರಿ" ಎಂದೆ. "ನನ್ನೂ ಕೂಗ್ರಿ."

ಅವರ ಬಾಯಿ ತೆರೆಯಿತು. ವಾ ಎನ್ನಲು ತುಟಿ ಹೇಗಾಗುತ್ತದೋ ಹಾಗಾಗಿದ್ದು ನನಗೆ ಕಂಡಿತು. ನನ್ನ ಕಾಲಿನ ಬೆರಳುಗಳು ಆಗಲೇ ಪಡುವಲಿಗೆ ತಿರುಗಿದ್ದವು. ಅವರು ನನ್ನನ್ನು ನೋಡಿದರು, ನೆತ್ತಿಯಿಂದ ಕಾಲಿನವರೆಗೆ, ಊರಿಗೆ ಹೊರಡುವವರು ಮನೆಯನ್ನೊಮ್ಮೆ ನೋಡುವ ಹಾಗೆ. ಆಮೇಲೆ ಕೊಂಬೆ ಹಿಡಿಯದ ಕೈಯನ್ನು ಎತ್ತಿ ತಮ್ಮ ಬಾಯಿಯ ಮೇಲೆ ಒತ್ತಿಕೊಂಡರು. ಮುಖವೆಲ್ಲ ಕೆಂಪಾಯಿತು, ಭುಜ ನಡುಗಿತು, ಒಳಗಿನಿಂದ ಯಾರೋ ಆ ಕೈಯನ್ನು ನೂಕುತ್ತಿದ್ದ ಹಾಗಿತ್ತು. ಕೂಗ್ರಿ ಎಂದು ನಾನು ಕಿರುಚಿದೆ, ಮಣ್ಣಿಗೆ ಬಿದ್ದು ಬೇಡಿಕೊಂಡೆ. ಅವರು ಕೈ ತೆಗೆಯಲಿಲ್ಲ. ಬೇಡ ಎಂದು ತಲೆಯಾಡಿಸಿ, ಬಾಯಿ ಮುಚ್ಚಿಕೊಂಡೇ, ಹಿಂದೆ ಹಿಂದೆ ಹೆಜ್ಜೆ ಇಟ್ಟು ಬೇಲಿ ದಾಟಿದರು. ಕೊಂಬೆ ತನ್ನ ಜಾಗಕ್ಕೆ ಬಂತು.

ಕತ್ತಲಾಗುವವರೆಗೆ ನಾನು ಅಲ್ಲೇ ಇದ್ದೆನಂತೆ. ಕ್ಲೆಮೆಂಟ್ ಅಣ್ಣನೂ ಸುಂದರರಾಜುವೂ ಬಂದು ಎತ್ತಿಕೊಂಡು ಹೋಗಿ ತಗಡಿನ ಮಾಡಿನ ಕೆಳಗೆ ಕೂರಿಸಿದರು. ನನಗೆ ಪ್ರಜ್ಞೆ ಇದೆಯೋ ಇಲ್ಲವೋ ಎಂದು ಎಲ್ಲರಿಗೂ ಗಾಬರಿ. ಗೌರಕ್ಕ ಗಲ್ಲ ತಟ್ಟಿ ವಾರಿಜಾ ಎಂದರು, ಕ್ಲೆಮೆಂಟ್ ಅಣ್ಣ ವಾರಿಜಮ್ಮಾ ಎಂದರು, ಬಟ್ಟಲನ್ನು ಏನು ಮಾಡಬೇಕೆಂದು ತಿಳಿಯದೆ ಹಿಡಿದು ನಿಂತಿದ್ದ ಆ ಊರಿನವರು ಕೂಡ ನನ್ನ ಹೆಸರು ಹಿಡಿದು ಕರೆದರು. ಯಾರಿಗೂ ಓಗೊಡಲಿಲ್ಲ. ನಾನು ಬಾಗಿಲ ಕಡೆಗೆ ಕಿವಿ ಕೊಟ್ಟು ಕೂತಿದ್ದೆ.